ಮೆಮೊರಿ ಕಾರ್ಡು ಕೊಳ್ಳುವ ಮುನ್ನ: ಮನೆತನಗಳಿಗೊಂದು ಅರಿಕೆ

ನಮ್ಮ ಭಾಗದ ಹಳೆಯ ಮನೆತನಗಳಲ್ಲಿ ದೇವರ ಜಗುಲಿಯ ಮೇಲೆ ಓಲೆಗರಿಯ ಕಟ್ಟೊಂದನ್ನು ವಸ್ತ್ರದಲ್ಲಿ ಸುತ್ತಿ ಇರಿಸಿ, ನಿತ್ಯವೂ ಅದಕ್ಕೆ ವಿಭೂತಿ ಪತ್ರೆಗಳನ್ನು ಏರಿಸುವ ವಾಡಿಕೆಯಿತ್ತು. ಕಟ್ಟನ್ನು ಬಿಚ್ಚಿ ಓದುವವರು ಮನೆಯಲ್ಲಿ ಇದ್ದಷ್ಟು ಕಾಲ ಅದು ಗ್ರಂಥವಾಗಿತ್ತು. ಓದುವವರು ಇಲ್ಲವಾದ ಮೇಲೆ ಪೂಜೆಯ ವಸ್ತುವಾಯಿತು. ಹುಳು ಹೊಕ್ಕ ಮೇಲೆ ಹೊಳೆಗೆ ಬಿಡುವ ವಸ್ತುವಾಯಿತು. ಫ.ಗು. ಹಳಕಟ್ಟಿಯವರು (1880–1964) ಮನೆಮನೆಗಳಿಂದಲೂ ಮಠಗಳಿಂದಲೂ ಇಂತಹ ಕಟ್ಟುಗಳನ್ನು ಅರಸಿ ತಂದು, ಪ್ರತಿ ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ತೆರೆದರು. ಅವರ ಕೈಗೆ ಬಂದುದು ಉಳಿಯಿತು. ಬಾರದೆ ಹೋದುದು ಎಷ್ಟೆಂದು ಎಣಿಸಬಲ್ಲವರು ಇಲ್ಲ.

ಈಗ ಅದೇ ಜಗುಲಿಯ ಪಕ್ಕದ ಗೂಡಿನಲ್ಲಿ ಮತ್ತೊಂದು ಬಗೆಯ ಕಟ್ಟು ಬಂದು ಕುಳಿತಿದೆ. ಅದರ ಉದ್ದ 15 ಮಿಲಿಮೀಟರ್, ಅಗಲ 11 ಮಿಲಿಮೀಟರ್, ದಪ್ಪ ಕೇವಲ 1 ಮಿಲಿಮೀಟರ್. ಮೈಕ್ರೊ ಎಸ್‌ಡಿ ಎಂಬುದು ಅದರ ಶಾಸ್ತ್ರೋಕ್ತ ನಾಮ. ಬಳಕೆಯಲ್ಲಿ ಮೆಮೊರಿ ಕಾರ್ಡು, ಚಿಪ್ ಎಂದೆಲ್ಲ ಕರೆಯುತ್ತಾರೆ. ಗುಂಡಿಯ ಮೊಬೈಲಿನಲ್ಲಿ ಅದು ಇದೆ. ಹೊಲ ಹರಗುವ ಟ್ರ್ಯಾಕ್ಟರಿನ ಹಾಡಿನ ಪೆಟ್ಟಿಗೆಯಲ್ಲಿ ಇದೆ. ಜಾತ್ರೆಯಲ್ಲಿ ಕೊಂಡು ತಂದ ಅಂಗೈಯಗಲದ ಸ್ಪೀಕರಿನಲ್ಲಿಯೂ ಇದೆ. 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಶ್ರೀ ಸಿದ್ಧೇಶ್ವರ ಮಹಾಸ್ವಾಮಿಗಳವರು ದೇಹವನ್ನು ಬಿಟ್ಟ ಬಳಿಕವೂ, ಬೆಳಗಿನ ರೊಟ್ಟಿ ಬಡಿಯುವ ಹೊತ್ತಿಗೆ ಅವರ ಪ್ರವಚನವು ಎಷ್ಟೋ ಅಡುಗೆಮನೆಗಳಲ್ಲಿ ಕೇಳಿಬರುತ್ತಿರುವುದು ಈ ಬಿಲ್ಲೆಯ ದೆಸೆಯಿಂದಲೇ. ಆದಕಾರಣ, ಎಂತಹ ಕಾರ್ಡನ್ನು ಕೊಳ್ಳಬೇಕು, ಯಾವುದನ್ನು ನಂಬಬೇಕು, ಎಷ್ಟರಮಟ್ಟಿಗೆ ನಂಬಬೇಕು ಎಂಬ ವಿಚಾರವನ್ನು ಹುಡುಗರ ಪಾಲಿಗೆ ಬಿಟ್ಟು ಹಿರಿಯರು ಸುಮ್ಮನಿರುವುದು ಯೋಗ್ಯವಲ್ಲವೆಂದು ನಾವು ಭಾವಿಸುತ್ತೇವೆ.

ಪ್ರವಚನದ ಮಾತು ಹಾಗಿರಲಿ. ಅದರ ಪ್ರತಿ ಸಾವಿರ ಮನೆಗಳಲ್ಲಿದೆ. ಒಂದು ಮನೆಯ ಕಾರ್ಡು ಕೆಟ್ಟರೆ ಪಕ್ಕದ ಮನೆಯಿಂದ ತುಂಬಿಸಿಕೊಳ್ಳಬಹುದು. ನಮ್ಮ ಚಿಂತೆ ಇರುವುದು ಒಂದೇ ಪ್ರತಿಯಲ್ಲಿ ಇರುವುದರ ಬಗ್ಗೆ. 2018ರಲ್ಲಿ ತಾಲೂಕು ಕೇಂದ್ರವಾದ ನಮ್ಮ ಯಡ್ರಾಮಿಯ ಸೀಮೆಯಲ್ಲಿಯೇ ಕಡಕೋಳವಿದೆ. ಅಲ್ಲಿಯ ಮಡಿವಾಳಪ್ಪನವರ ತತ್ವಪದಗಳನ್ನು ಅರಿಯದವರು ಈ ನಾಡಿನಲ್ಲಿ ವಿರಳ. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದ ಶಿಷ್ಯರು ಜಾತಿಮತಗಳ ಗಡಿಯನ್ನು ದಾಟಿ ಆ ಪರಂಪರೆಯನ್ನು ಬೆಳೆಸಿದರು. ಏಕತಾರಿ, ದಮ್ಮಡಿ, ತಾಳಗಳನ್ನು ಹಿಡಿದು ರಾತ್ರಿ ಬೆಳತನಕ ಹಾಡುವ ಭಜನೆಯ ಮೇಳಗಳು ಇಂದಿಗೂ ಊರೂರುಗಳಲ್ಲಿವೆ. ಪದದ ಅಕ್ಷರಗಳನ್ನು ವಿದ್ವಾಂಸರು ಸಂಪಾದಿಸಿ ಅಚ್ಚು ಹಾಕಿಸಿದ್ದಾರೆ. ಅದು ದೊಡ್ಡ ಉಪಕಾರ. ಆದರೆ ಧಾಟಿಯು ಪುಸ್ತಕದಲ್ಲಿ ನಿಲ್ಲುವುದಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ಹಿಡಿಯಬೇಕು, ಯಾವ ನುಡಿಯನ್ನು ಎರಡು ಸಲ ತಿರುಗಿಸಬೇಕು ಎಂಬುದು ಎಪ್ಪತ್ತು ದಾಟಿದ ಕೆಲವೇ ಮಂದಿಯ ಕೊರಳಲ್ಲಿ ಇದೆ. ಆ ಕೊರಳು ನಿಂತ ದಿನ ಅದೂ ನಿಲ್ಲುತ್ತದೆ. ಹೀಗಾಗಿ ಮನೆಯ ಮಕ್ಕಳು ಮೊಬೈಲನ್ನು ಎದುರಿಗಿಟ್ಟು ಅಜ್ಜನ ಹಾಡನ್ನು ಹಿಡಿದಿಡುತ್ತಿರುವುದು ಸಣ್ಣ ಕೆಲಸವಲ್ಲ. ಅದು ಓಲೆಗರಿಯನ್ನು ಪ್ರತಿ ಮಾಡುವಂತಹುದೇ ಕೆಲಸ.

ಕಳೆದ ಕೆಲವು ವರ್ಷಗಳ ಕೆಳಗೆ ಈ ಸೀಮೆಯ ಒಂದು ಹಳ್ಳಿಯ ಸದ್ಭಕ್ತರ ಮನೆಗೆ ಹೋದಾಗ ಅಲ್ಲಿಯ ಮೊಮ್ಮಗನು ನಮ್ಮ ಮುಂದೆ ಒಂದು ಕಾರ್ಡನ್ನು ಇರಿಸಿದನು. ಜಾತ್ರೆಯ ಅಂಗಡಿಯಲ್ಲಿ ಕೊಂಡುದು. ಮೇಲೆ 64 ಜಿಬಿ ಎಂದು ಬರೆದಿತ್ತು. ಒಂದು ಇಡೀ ಶ್ರಾವಣ ಮಾಸದಲ್ಲಿ ಅಜ್ಜನ ಹಾಡುಗಳನ್ನು ವಿಡಿಯೊ ಮಾಡಿ ಅದರಲ್ಲಿ ಇರಿಸಿದ್ದರು. ಅಜ್ಜನವರು ಆ ಛಟ್ಟಿಯ ಹೊತ್ತಿಗೆ ಲಿಂಗೈಕ್ಯರಾದರು. ತೆರೆದು ನೋಡಿದರೆ ಎಲ್ಲ ಹಾಡುಗಳ ಹೆಸರೂ ಪಟ್ಟಿಯಲ್ಲಿ ಇವೆ, ಒಂದೊಂದರ ಗಾತ್ರವೂ ಸರಿಯಾಗಿಯೇ ಇದೆ. ಆದರೆ ಮೊದಲಿನ ಸುಮಾರು ಒಂದು ತಾಸಿನ ಹಾಡು ಬಿಟ್ಟರೆ ಮಿಕ್ಕ ಯಾವುದೂ ನುಡಿಯುವುದಿಲ್ಲ. ‘ಮೊಬೈಲು ಕೆಟ್ಟಿತೇನೋ ಅಜ್ಜಾರ’ ಎಂದು ಹುಡುಗನು ಕೇಳಿದನು. ಮೊಬೈಲು ಕೆಟ್ಟಿರಲಿಲ್ಲ. ಕಾರ್ಡು ಕೂಡ ಕೆಟ್ಟಿರಲಿಲ್ಲ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಅದು ಮೊದಲಿನಿಂದಲೂ 8 ಜಿಬಿಯ ಕಾರ್ಡೇ ಆಗಿತ್ತು.

ಈ ಮೋಸದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಕಾರ್ಡಿನೊಳಗೆ ಎರಡು ಅಂಗಗಳಿವೆ. ಒಂದು, ಅಕ್ಷರ ಧ್ವನಿ ಚಿತ್ರಗಳನ್ನು ಹಿಡಿದಿಡುವ ಕೋಶಗಳ ಉಗ್ರಾಣ. ಇನ್ನೊಂದು, ಆ ಉಗ್ರಾಣದ ಲೆಕ್ಕವನ್ನು ಇಡುವ ಸಣ್ಣ ನಿಯಂತ್ರಕ. ‘ನಿನ್ನಲ್ಲಿ ಎಷ್ಟು ಜಾಗವಿದೆ’ ಎಂದು ಮೊಬೈಲು ಕೇಳಿದಾಗ ಉತ್ತರ ಕೊಡುವುದು ಈ ನಿಯಂತ್ರಕವೇ ಹೊರತು ಉಗ್ರಾಣವಲ್ಲ. ಎಂಟು ಚೀಲದ ಉಗ್ರಾಣಕ್ಕೆ ಅರವತ್ತನಾಲ್ಕು ಚೀಲ ಹಿಡಿಸುತ್ತದೆಂದು ಸುಳ್ಳು ಹೇಳುವಂತೆ ಕಾರಕೂನನಿಗೆ ಕಲಿಸಿದರೆ ಹೇಗೋ ಹಾಗೆ, ನಕಲಿ ಕಾರ್ಡು ಮಾಡುವವರು ನಿಯಂತ್ರಕವನ್ನೇ ತಿದ್ದಿರುತ್ತಾರೆ. ಎಂಟು ತುಂಬುವ ತನಕ ಎಲ್ಲವೂ ಸರಿಯಾಗಿ ನಡೆಯುತ್ತದೆ. ಒಂಬತ್ತನೆಯದು ಬಂದಾಗ ‘ಇಟ್ಟುಕೊಂಡೆ’ ಎಂದು ಉತ್ತರ ಬರುತ್ತದೆ, ಇಟ್ಟುಕೊಂಡಿರುವುದಿಲ್ಲ. ಕೆಲವು ಕಾರ್ಡುಗಳು ಹೊಸದನ್ನು ಹೊರಗೆ ಚೆಲ್ಲುತ್ತವೆ. ಕೆಲವು ಹಳೆಯದರ ಮೇಲೆಯೇ ಬರೆದು ಅದನ್ನೂ ಕೆಡಿಸುತ್ತವೆ. ಕಡತಗಳ ಪಟ್ಟಿಯು ಕಾರ್ಡಿನ ಆರಂಭದ ಭಾಗದಲ್ಲಿಯೇ ಇರುವುದರಿಂದ ಹೆಸರುಗಳು ಮಾತ್ರ ಭದ್ರವಾಗಿ ಕಾಣಿಸುತ್ತವೆ. ಓಲೆಗರಿಯ ಕಟ್ಟಿನಲ್ಲಿ ಮೊದಲ ಗರಿಯ ವಿಷಯಸೂಚಿ ಉಳಿದು ಮಿಕ್ಕ ಗರಿಗಳೆಲ್ಲ ಇಲ್ಲವಾದಂತೆ.

ಹೊರಗಿನ ನೋಟದಿಂದ ಇದನ್ನು ಗುರುತಿಸುವುದು ಕಷ್ಟ. ಅಕ್ಷರ ಮಸುಕಾಗಿರುವುದು, ಹೆಸರಿನ ಕಾಗುಣಿತ ತಪ್ಪಿರುವುದು, ಹಿಂಬದಿಯಲ್ಲಿ ಯಾವ ಸಂಖ್ಯೆಯೂ ಇಲ್ಲದಿರುವುದು, ಇವೆಲ್ಲ ಸಂಶಯಕ್ಕೆ ಕಾರಣಗಳು ನಿಜ. ಆದರೆ ಚೆನ್ನಾಗಿ ಮುದ್ರಿಸಿದ ನಕಲಿಗಳೂ ಇವೆ. ಎಲ್ಲಕ್ಕಿಂತ ಮೊದಲ ಲಕ್ಷಣ ಬೆಲೆ. ಪೇಟೆಯಲ್ಲಿ ಸಾವಿರಗಟ್ಟಲೆ ಬೆಲೆ ಇರುವ ಗಾತ್ರದ ಕಾರ್ಡನ್ನು ಒಬ್ಬನು ಮುನ್ನೂರು ರೂಪಾಯಿಗೆ ಕೊಡುತ್ತಾನೆಂದರೆ ಅವನು ದಾಸೋಹ ನಡೆಸುತ್ತಿಲ್ಲ. ಮನೆಯಲ್ಲಿಯೇ ಕುಳಿತು ಮೊಬೈಲಿನ ಮೂಲಕ ತರಿಸಿಕೊಳ್ಳುವವರು, ಜಾಲತಾಣದ ದೊಡ್ಡ ಹೆಸರನ್ನು ಮಾತ್ರ ನೋಡದೆ, ಆ ತಾಣದಲ್ಲಿ ಮಾರುತ್ತಿರುವವನು ಯಾರು ಎಂಬುದನ್ನು ನೋಡಬೇಕು. ಊರ ಅಂಗಡಿಯಲ್ಲಿ ಕೊಳ್ಳುವವರು ರಸೀದಿಯನ್ನು ಬಿಡದೆ ಕೇಳಿ ಪಡೆಯಬೇಕು. ‘ನಮ್ಮವನೇ, ರಸೀದಿ ಯಾಕೆ’ ಎಂಬ ದಾಕ್ಷಿಣ್ಯ ಇಲ್ಲಿ ಸಲ್ಲದು.

ನಿಜವಾದ ಪರೀಕ್ಷೆ ಒಂದೇ: ತುಂಬಿ ನೋಡುವುದು. ಚಿನ್ನವನ್ನು ಒರೆಗೆ ಹಚ್ಚದೆ ಕೊಳ್ಳದ ನಾವು ಕಾರ್ಡನ್ನು ಮಾತ್ರ ಹಾಗೆಯೇ ಜೇಬಿಗೆ ಇಳಿಸುತ್ತೇವೆ. ಗಣಕಯಂತ್ರ ಇರುವ ಮನೆಗಳಲ್ಲಿ ಈ ಕೆಲಸಕ್ಕೆಂದೇ ಉಚಿತವಾಗಿ ದೊರೆಯುವ ಸಾಧನಗಳಿವೆ. ‘ಎಚ್‌ಟುಟೆಸ್ಟ್‌ಡಬ್ಲ್ಯೂ’ ಎಂಬುದು ವಿಂಡೋಸ್‌ನಲ್ಲಿ, ‘ಎಫ್‌ತ್ರೀ’ ಎಂಬುದು ಲಿನಕ್ಸ್‌ನಲ್ಲಿ ನಡೆಯುತ್ತವೆ. ಇವು ಖಾಲಿ ಕಾರ್ಡಿನ ತುದಿಯವರೆಗೂ ತಮಗೆ ಗೊತ್ತಿರುವ ಅಂಕಿಗಳನ್ನು ಬರೆದು, ಬಳಿಕ ಮೊದಲಿನಿಂದ ಓದಿ, ಬರೆದುದು ಬರೆದಂತೆ ಇದೆಯೇ ಎಂದು ತಾಳೆ ನೋಡುತ್ತವೆ. ಸೆಕೆಂಡಿಗೆ 20 ಮೆಗಾಬೈಟ್ ಬರೆಯುವ ಕಾರ್ಡಾದರೆ 64 ಜಿಬಿ ತುಂಬಲು ಸುಮಾರು 53 ನಿಮಿಷ ಹಿಡಿಯುತ್ತದೆ. ಓದಲು ಅದಕ್ಕಿಂತ ಕಡಿಮೆ. ಊಟ ಮಾಡಿ ಏಳುವಷ್ಟರಲ್ಲಿ ಮುಗಿಯುವ ಕೆಲಸ. ಗಣಕಯಂತ್ರ ಇಲ್ಲದವರು ಮೊಬೈಲಿನಲ್ಲಿರುವ ವಿಡಿಯೊಗಳನ್ನೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಪ್ರತಿ ಮಾಡಿ ಕಾರ್ಡನ್ನು ತುಂಬಿಸಲಿ. ಆಮೇಲೆ ಅದನ್ನು ಹೊರತೆಗೆದು, ಮತ್ತೆ ಹಾಕಿ, ಮೊದಲು ಬರೆದುದು, ನಡುವೆ ಬರೆದುದು, ಕಡೆಗೆ ಬರೆದುದು ಮೂರನ್ನೂ ಕೊನೆಯ ತನಕ ನಡೆಸಿ ನೋಡಲಿ. ಹೊರತೆಗೆಯುವುದು ಏಕೆಂದರೆ, ಈಗ ತಾನೆ ಬರೆದುದು ಮೊಬೈಲಿನ ಸ್ವಂತ ನೆನಪಿನಲ್ಲಿ ಕೆಲಕಾಲ ನಿಂತಿರುತ್ತದೆ. ಅದನ್ನೇ ತೋರಿಸಿ ನಮ್ಮನ್ನು ಮರುಳು ಮಾಡೀತು. ಪರೀಕ್ಷೆಯನ್ನು ಕೊಂಡ ದಿನವೇ ಮಾಡಬೇಕು. ಹಾಡು ತುಂಬಿದ ಮೇಲೆ ಮಾಡಿದರೆ ಹಾಡೂ ಹೋದೀತು.

ಇಲ್ಲಿ ಒಂದು ಅನ್ಯಾಯದ ಸಂಶಯವನ್ನು ತೆಗೆದುಹಾಕಬೇಕು. 32 ಜಿಬಿಯ ಕಾರ್ಡನ್ನು ಹಾಕಿದಾಗ ಯಂತ್ರವು 29.8 ಎಂದು ತೋರಿಸಿದರೆ ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ. ಅನೇಕ ಯಂತ್ರಗಳು 1024ರ ಲೆಕ್ಕದಲ್ಲಿ ಎಣಿಸುತ್ತವೆ. 64 ಎಂದುದು 59.6 ಆಗಿ, 128 ಎಂದುದು 119.2 ಆಗಿ ಕಾಣಿಸಬಹುದು. ಹಳೆಯ ಸೇರಿಗೂ ಕಿಲೋಗೂ ಇರುವಂತಹ ವ್ಯತ್ಯಾಸ ಇದು. ಈ ಕಾರಣಕ್ಕೆ ಅಂಗಡಿಯವರೊಡನೆ ಜಗಳವಾಡಿದವರನ್ನು ನಾವು ಬಲ್ಲೆವು. ಪಾಪ, ಅವನದೇನೂ ತಪ್ಪಿರಲಿಲ್ಲ.

ಇನ್ನು ಕಾರ್ಡಿನ ಮೈಮೇಲೆ ಇರುವ ಚಿಹ್ನೆಗಳು. ಎಸ್‌ಡಿ ಕಾರ್ಡನ್ನು 1999ರಲ್ಲಿ ಸ್ಯಾನ್‌ಡಿಸ್ಕ್, ಪ್ಯಾನಾಸಾನಿಕ್, ತೋಷಿಬಾ ಈ ಮೂರು ಸಂಸ್ಥೆಗಳು ಕೂಡಿ ಹೊರತಂದವು. ಮೊದಲಿನ ಬಗೆ 2 ಜಿಬಿಯವರೆಗೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿಯವರೆಗೆ. 2009ರಲ್ಲಿ ಬಂದ ಎಸ್‌ಡಿಎಕ್ಸ್‌ಸಿ 2 ಟಿಬಿಯವರೆಗೆ. ಈ ಭೇದವನ್ನು ಮನೆಯವರು ಅರಿತಿರಬೇಕಾದುದು ಏಕೆಂದರೆ, ಹಳೆಯ ಗುಂಡಿಯ ಮೊಬೈಲುಗಳು, ಪ್ರವಚನ ಕೇಳುವ ಸಣ್ಣ ಸ್ಪೀಕರುಗಳು, ಧ್ವನಿಮುದ್ರಣದ ಹಳೆಯ ಯಂತ್ರಗಳು ಬಹುಮಟ್ಟಿಗೆ 32 ಜಿಬಿಗೆ ನಿಲ್ಲುತ್ತವೆ. ಅದಕ್ಕೆ ಮೇಲ್ಪಟ್ಟ ಕಾರ್ಡುಗಳಲ್ಲಿ ಕಡತಗಳನ್ನು ಜೋಡಿಸುವ ಕ್ರಮವೇ ಬೇರೆ. ಆ ಲಿಪಿಯನ್ನು ಓದಲು ಹಳೆಯ ಯಂತ್ರಕ್ಕೆ ಬಾರದು. ದೊಡ್ಡದು ಕೊಂಡರೆ ಒಳ್ಳೆಯದೆಂದು 128 ಜಿಬಿ ತಂದು, ಅಜ್ಜಿಯ ಪೆಟ್ಟಿಗೆ ಮೂಕವಾಯಿತೆಂದು ಕಾರ್ಡನ್ನು ದೂರುವುದರಲ್ಲಿ ಅರ್ಥವಿಲ್ಲ.

ವೃತ್ತದೊಳಗೆ 10 ಎಂದು, ‘ಯು’ ಅಕ್ಷರದೊಳಗೆ 1 ಅಥವಾ 3 ಎಂದು, ‘ವಿ’ಯ ಮುಂದೆ 30 ಎಂದು ಬರೆದಿರುವುದು ಬರೆಯುವ ವೇಗವನ್ನು ಸೂಚಿಸುತ್ತದೆ. 10 ಮತ್ತು ಯು1 ಎಂದರೆ ಸೆಕೆಂಡಿಗೆ ಕನಿಷ್ಠ 10 ಮೆಗಾಬೈಟ್; ಯು3 ಮತ್ತು ವಿ30 ಎಂದರೆ ಕನಿಷ್ಠ 30. ಅಂಗಡಿಯಲ್ಲಿ ಹೆಚ್ಚು ಹಣವನ್ನು ಕೇಳುವುದು ಈ ವೇಗಕ್ಕೆ. ಆದರೆ ಧ್ವನಿಗೆ ವೇಗ ಬೇಡ. ಉತ್ತಮ ಗುಣಮಟ್ಟದ ಧ್ವನಿಮುದ್ರಣಕ್ಕೂ, ಎಂದರೆ 48 ಕಿಲೋಹರ್ಟ್ಸ್, 24 ಬಿಟ್, ಎರಡು ವಾಹಿನಿಗಳ ಮುದ್ರಣಕ್ಕೂ, ಸೆಕೆಂಡಿಗೆ ಒಂದು ಮೆಗಾಬೈಟಿನ ಮೂರನೆಯ ಒಂದು ಭಾಗವೂ ಬೇಕಾಗದು. ಸಾಮಾನ್ಯ ವಿಡಿಯೊಗೆ ‘10’ ಚಿಹ್ನೆ ಧಾರಾಳವಾಯಿತು. ಫೋರ್‌ಕೆ ವಿಡಿಯೊ ಮಾಡುವವರಿಗೆ ಮಾತ್ರ ‘ವಿ30’ ಬೇಕು. ‘ಎ1’, ‘ಎ2’ ಎಂಬವು ಮೊಬೈಲಿನ ಅಪ್ಲಿಕೇಶನ್‌ಗಳನ್ನು ಕಾರ್ಡಿನಿಂದಲೇ ನಡೆಸುವವರಿಗೆ ಉಪಯುಕ್ತ. ಹಾಡು ಹಿಡಿದಿಡುವವರಿಗೆ ಅದರ ಗೊಡವೆ ಇಲ್ಲ. ಆದಕಾರಣ ನಮ್ಮ ಅಭಿಪ್ರಾಯ ಇಷ್ಟು: ವೇಗಕ್ಕೆ ಕೊಡುವ ಹಣವನ್ನು ಉಳಿಸಿ, ಹೆಸರುವಾಸಿಯಾದ ತಯಾರಕರ ಸಾಧಾರಣ ವೇಗದ ಎರಡು ಕಾರ್ಡುಗಳನ್ನು ಕೊಳ್ಳುವುದು ಲೇಸು.

ಎರಡು ಎಂದೆವು. ಒಂದೇ 128 ಜಿಬಿಗಿಂತ 32ರವು ಎರಡು ಇದ್ದರೆ ಒಂದು ಕೆಟ್ಟಾಗ ಇನ್ನೊಂದು ಉಳಿಯುತ್ತದೆ. ಗಾತ್ರ ಸಾಲದೇ ಎಂದು ಕೇಳುವವರಿಗೆ ಲೆಕ್ಕ ಹೇಳುತ್ತೇವೆ. ಎಂಪಿತ್ರೀ ರೂಪದಲ್ಲಿ, 128 ಕಿಲೋಬಿಟ್‌ನ ಮಟ್ಟದಲ್ಲಿ, ಒಂದು ತಾಸಿನ ಪ್ರವಚನಕ್ಕೆ ಬೇಕಾಗುವುದು ಸುಮಾರು 58 ಮೆಗಾಬೈಟ್. 32 ಜಿಬಿಯಲ್ಲಿ ಐದುನೂರು ತಾಸಿಗೂ ಮೀರಿ ಹಿಡಿಯುತ್ತದೆ. ದಿನಕ್ಕೊಂದು ತಾಸಿನಂತೆ ಕೇಳಿದರೆ ಒಂದು ವರ್ಷ ನಾಲ್ಕು ತಿಂಗಳು. ಮೇಲೆ ಹೇಳಿದ ಉತ್ತಮ ಗುಣಮಟ್ಟದಲ್ಲಿ, ಸಂಕೋಚನವಿಲ್ಲದ ‘ವೇವ್’ ರೂಪದಲ್ಲಿ ತಾಸಿಗೆ 1 ಜಿಬಿಗಿಂತ ತುಸು ಹೆಚ್ಚು. ಆಗಲೂ ಮೂವತ್ತು ತಾಸು, ಎಂದರೆ ಮೂರು ನಾಲ್ಕು ರಾತ್ರಿಯ ಭಜನೆ. ತತ್ವಪದವನ್ನು ಮುದ್ರಿಸಿಕೊಳ್ಳುವವರು ಈ ಎರಡನೆಯ ರೂಪದಲ್ಲಿಯೇ ಮುದ್ರಿಸಿಕೊಳ್ಳಬೇಕೆಂದು ನಾವು ಒತ್ತಾಯಿಸುತ್ತೇವೆ. ಒಮ್ಮೆ ಹಿಂಡಿ ಚಿಕ್ಕದು ಮಾಡಿದ ಧ್ವನಿಯು ಮತ್ತೆ ಹಿಗ್ಗುವುದಿಲ್ಲ. ದಮ್ಮಡಿಯ ಗೆಜ್ಜೆಯ ದನಿ ಮೊದಲು ಹೋಗುತ್ತದೆ. ವಿಡಿಯೊ ಮಾಡುವವರಿಗೆ ಮಾತ್ರ ಜಾಗ ಬೇಗ ತುಂಬುತ್ತದೆ: ಸಾಮಾನ್ಯ ಮೊಬೈಲಿನ ವಿಡಿಯೊ ತಾಸಿಗೆ ಏಳೆಂಟು ಜಿಬಿ ತಿನ್ನುತ್ತದೆ.

ಒಳ್ಳೆಯ ಕಾರ್ಡು ಕೂಡ ಶಾಶ್ವತವಲ್ಲ. ಇದನ್ನು ಅರಿಯಲು ಅದರ ಕೋಶದೊಳಗೆ ಇಣುಕಬೇಕು. ತೋಷಿಬಾದ ಎಂಜಿನಿಯರ್ ಫುಜಿಯೊ ಮಸುಒಕ ಅವರು 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಸ್ಮೃತಿಯಲ್ಲಿ ಪ್ರತಿಯೊಂದು ಕೋಶವೂ ಒಂದು ಪುಟ್ಟ ಗಡಿಗೆ. ನೀರಿನ ಬದಲು ವಿದ್ಯುತ್ತಿನ ಕಣಗಳನ್ನು ತುಂಬಿ, ಹೊರಹೋಗದಂತೆ ಸುತ್ತಲೂ ತೆಳುವಾದ ಗೋಡೆ ಕಟ್ಟಿರುತ್ತಾರೆ. ಮೊದಮೊದಲು ಗಡಿಗೆ ತುಂಬಿದೆಯೇ ಖಾಲಿಯೇ ಎಂಬ ಎರಡೇ ಪ್ರಶ್ನೆಯಿತ್ತು. ಈಗ ಅಗ್ಗವಾಗಲೆಂದು ಒಂದೇ ಗಡಿಗೆಗೆ ಎಂಟು ಮಟ್ಟಗಳ ಗೆರೆ ಹಾಕುತ್ತಾರೆ, ಕೆಲವದರಲ್ಲಿ ಹದಿನಾರು. ಗೆರೆಗಳು ಹತ್ತಿರವಾದಷ್ಟು ಸ್ವಲ್ಪ ಸೋರಿದರೂ ಐದು ನಾಲ್ಕಾಗಿ ಓದಿಸುತ್ತದೆ. ಅಲ್ಪಸ್ವಲ್ಪ ತಪ್ಪನ್ನು ನಿಯಂತ್ರಕವು ಲೆಕ್ಕದಿಂದ ತಿದ್ದಿಕೊಳ್ಳುತ್ತದೆ. ಮಿತಿ ಮೀರಿದರೆ ಒಮ್ಮೆಲೆ ಕೈಚೆಲ್ಲುತ್ತದೆ. ಹೀಗಾಗಿ ಕ್ಯಾಸೆಟ್ಟಿನಂತೆ ಮೊದಲು ಕರಕರ ಸದ್ದು ಮಾಡಿ ಎಚ್ಚರಿಸುವ ಸ್ವಭಾವ ಕಾರ್ಡಿಗೆ ಇಲ್ಲ. ನಿನ್ನೆ ಹಾಡಿತು, ಇಂದು ಇಲ್ಲ.

ಬರೆದು ಅಳಿಸಿ ಮತ್ತೆ ಬರೆದಂತೆಲ್ಲ ಆ ಗೋಡೆ ಸವೆಯುತ್ತದೆ. ಬಿಸಿಲು ತಾಗಿದಷ್ಟೂ ಸೋರುವುದು ಹೆಚ್ಚುತ್ತದೆ. ನಮ್ಮ ಕಲಬುರಗಿ ಜಿಲ್ಲೆಯ ಬೇಸಿಗೆಯನ್ನು ವರ್ಣಿಸಿ ಹೇಳಬೇಕಾಗಿಲ್ಲ. 40 ಡಿಗ್ರಿ ದಾಟಿದ ದಿನಗಳಲ್ಲಿ ಮುಚ್ಚಿದ ಜೀಪಿನ ಮುಂಭಾಗ, ಹೊಲದ ಅಂಚಿನಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಿನ ತಗಡಿನ ಪೆಟ್ಟಿಗೆ, ತಗಡಿನ ಮಾಳಿಗೆಯ ಕೆಳಗಿನ ಗೂಡು, ಇವೆಲ್ಲ ಇನ್ನೂ ಎಷ್ಟು ಕಾಯುತ್ತವೆಂಬುದು ಮುಟ್ಟಿದ ಕೈಗೆ ಗೊತ್ತು. ಟ್ರ್ಯಾಕ್ಟರಿನಲ್ಲಿ ಹಾಡು ಕೇಳಲು ಬೇರೆ ಕಾರ್ಡು ಇರಲಿ. ಅಜ್ಜನ ದನಿ ಇರುವ ಕಾರ್ಡು ಕಲ್ಲಿನ ಗೋಡೆಯ ಒಳಮನೆಯ ಅಲಮಾರಿನಲ್ಲಿ, ಅದರದೇ ಪ್ಲಾಸ್ಟಿಕ್ ಕರಡಿಗೆಯಲ್ಲಿ ಇರಲಿ. ವಿಭೂತಿಯ ಚೀಲದಲ್ಲಿ ಹಾಕಿಟ್ಟವರನ್ನೂ ಕಂಡಿದ್ದೇವೆ. ಭಕ್ತಿಯನ್ನು ಮೆಚ್ಚಬೇಕು, ಆದರೆ ಆ ಪುಡಿ ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳಿಗೆ ಹಿತವಲ್ಲ.

ಮನೆಯ ಮುಂದೆ ಕಾವಲಿಗೆ ಹಾಕುವ ಕ್ಯಾಮೆರಾಗಳಿಗೆ ಸಾಮಾನ್ಯ ಕಾರ್ಡು ಬೇಡ. ಅವು ಹಗಲಿರುಳು ಬರೆಯುತ್ತ, ತುಂಬಿದೊಡನೆ ಹಳೆಯದನ್ನು ಅಳಿಸುತ್ತ ಹೋಗುವುದರಿಂದ ಬೇಗ ಸವೆಯುತ್ತವೆ. ‘ಹೈ ಎಂಡ್ಯೂರೆನ್ಸ್’ ಎಂದು ಬರೆದವು ಆ ಕೆಲಸಕ್ಕೆಂದೇ ಇವೆ. ಅಲ್ಲಿ ಬಳಸಿದ ಕಾರ್ಡನ್ನು ತೆಗೆದು ಹಾಡಿಗೆ ಬಳಸಬಾರದು.

ಖಾತರಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಪೊಟ್ಟಣದ ಮೇಲೆ ಐದು ವರ್ಷ, ಹತ್ತು ವರ್ಷ ಎಂದು ಬರೆದಿರುವುದು ಕಾರ್ಡಿಗೆ ಸಂಬಂಧಿಸಿದ್ದೇ ಹೊರತು ಅದರೊಳಗಿನ ಹಾಡಿಗಲ್ಲ. ಕೆಟ್ಟರೆ ಹೊಸ ಬಿಲ್ಲೆಯನ್ನು ಕೊಡುತ್ತಾರೆ. ಅದು ಖಾಲಿಯಾಗಿಯೇ ಬರುತ್ತದೆ.

ಮೊಬೈಲಿನಲ್ಲಿ ಕಾರ್ಡನ್ನು ಮೊದಲ ಸಲ ಹಾಕಿದಾಗ ಕೆಲವು ಆಂಡ್ರಾಯ್ಡ್ ಯಂತ್ರಗಳು, ಇದನ್ನು ಹೊರಗಿನ ಸಂಗ್ರಹವಾಗಿ ಬಳಸುವಿರೋ, ಒಳಗಿನ ಸಂಗ್ರಹಕ್ಕೆ ಸೇರಿಸುವಿರೋ ಎಂದು ಕೇಳುತ್ತವೆ. ಹೆಚ್ಚು ಜಾಗ ಸಿಗುತ್ತದೆಂದು ಅನೇಕರು ಎರಡನೆಯದನ್ನು ಒತ್ತುತ್ತಾರೆ. ಹಾಗೆ ಮಾಡಿದರೆ ಕಾರ್ಡಿನಲ್ಲಿರುವುದೆಲ್ಲ ಗುಪ್ತಲಿಪಿಗೆ ಬದಲಾಗಿ, ಅದನ್ನು ಬಿಚ್ಚುವ ಕೀಲಿಕೈ ಆ ಒಂದು ಮೊಬೈಲಿನಲ್ಲಿ ಮಾತ್ರ ಉಳಿಯುತ್ತದೆ. ಮೊಬೈಲು ಬಾವಿಗೆ ಬಿದ್ದರೆ, ಕಾರ್ಡು ಕೈಯಲ್ಲಿದ್ದರೂ ಬೇರೆ ಯಾವ ಯಂತ್ರವೂ ಅದನ್ನು ಓದಲಾರದು. ಮನೆತನದ ಸಂಗ್ರಹಕ್ಕೆ ಹೊರಗಿನ ಸಂಗ್ರಹವೇ ಸರಿ.

ಈಗ ನಮಗೆ ಅತ್ಯಂತ ಪ್ರಿಯವಾದ ವಿಚಾರಕ್ಕೆ ಬರುತ್ತೇವೆ. ಮಠದಲ್ಲಿ ಓಲೆಗರಿಗಳನ್ನು ಓದಲು ಕಲಿಯುವಾಗ ನಮ್ಮ ಗುರುಗಳು ಮೊದಲು ಕಡೆಯ ಗರಿಯನ್ನು ತೆಗೆಸುತ್ತಿದ್ದರು. ಅಲ್ಲಿ ಲಿಪಿಕಾರನು ತಾನು ಯಾರು, ಯಾವ ಊರಿನಲ್ಲಿ, ಯಾವ ಸಂವತ್ಸರದ ಯಾವ ಮಾಸದ ಯಾವ ತಿಥಿಯಲ್ಲಿ, ಯಾರ ಪ್ರತಿಯನ್ನು ನೋಡಿ, ಯಾರಿಗಾಗಿ ಬರೆದೆನೆಂಬುದನ್ನು ಹೇಳಿರುತ್ತಾನೆ. ಅದಕ್ಕೆ ಪುಷ್ಪಿಕೆ ಎನ್ನುತ್ತಾರೆ. ಪುಷ್ಪಿಕೆ ಇರುವ ಪ್ರತಿಗೆ ಬೆಲೆಯೇ ಬೇರೆ. ಇಂದು ಕಾರ್ಡುಗಳಲ್ಲಿ ಇರುವ ಸಾವಿರಾರು ಹಾಡುಗಳಿಗೆ ಪುಷ್ಪಿಕೆ ಇಲ್ಲ. ‘ಆಡಿಯೊ 0047’ ಎಂಬ ಹೆಸರಿನಿಂದ, ಹಾಡಿದವರು ಯಾರೆಂದು ಇಪ್ಪತ್ತು ವರ್ಷದ ಬಳಿಕ ಮೊಮ್ಮಕ್ಕಳಿಗೆ ತಿಳಿಯುವುದಾದರೂ ಹೇಗೆ? ಆದಕಾರಣ ಮುದ್ರಣದ ಗುಂಡಿಯನ್ನು ಒತ್ತಿದೊಡನೆ ಹಾಡಿಗೆ ಮುಂಚೆ ಬಾಯಿಂದಲೇ ಹೇಳಿಬಿಡಬೇಕು: ಇಂದಿನ ದಿನಾಂಕ ಇದು, ಊರು ಇದು, ಹಾಡುವವರು ಇವರು, ಇವರು ಈ ಪದವನ್ನು ಕಲಿತದ್ದು ಇಂಥವರಿಂದ, ಏಕತಾರಿ ಇವರದು, ದಮ್ಮಡಿ ಇವರದು, ಮುದ್ರಿಸಿಕೊಂಡವನು ನಾನು. ಅರ್ಧ ನಿಮಿಷ ಸಾಕು. ಅದು ಹಾಡಿನಿಂದ ಎಂದಿಗೂ ಅಗಲದು. ಕಾರ್ಡಿನ ಮೇಲೆ ಬರೆಯಲು ಜಾಗವಿಲ್ಲ. ಆದರೆ ಅದನ್ನು ಹಾಕಿಡುವ ಲಕೋಟೆಯ ಮೇಲೆ ಬರೆಯಬಹುದು, ಒಂದು ವಹಿಯಲ್ಲಿ ಪಟ್ಟಿ ಮಾಡಬಹುದು. ಹಾಡುವ ಹಿರಿಯರ ಒಪ್ಪಿಗೆಯನ್ನೂ ಆಗಲೇ ಕೇಳಿ ಅವರ ದನಿಯಲ್ಲಿಯೇ ಹಿಡಿದಿಟ್ಟರೆ, ಮುಂದೆ ಯಾರೋ ಅದನ್ನು ಮಾರಾಟಕ್ಕೆ ಹಚ್ಚಿದಾಗ ಮನೆಯವರಿಗೆ ಆಧಾರ ಇರುತ್ತದೆ.

ಓಲೆಗರಿಯು ಉಳಿದದ್ದು ಗರಿಯ ಗಟ್ಟಿತನದಿಂದ ಮಾತ್ರವಲ್ಲ. ನಿಂಬೆಹುಲ್ಲಿನ ಎಣ್ಣೆ ಸವರಿದರೂ ಗರಿ ಒಂದು ದಿನ ಮುರಿಯುತ್ತದೆ. ಮುರಿಯುವ ಮುನ್ನ ಯಾರೋ ಅದನ್ನು ಪ್ರತಿ ಮಾಡಿರುತ್ತಿದ್ದರು. ಕಾರ್ಡಿನ ವಿಷಯದಲ್ಲಿಯೂ ಇಂದಿನ ಅನುಭವಿಗಳು ಮೂರು ಪ್ರತಿಗಳನ್ನು ಇಡಲು ಹೇಳುತ್ತಾರೆ: ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ. ನಮ್ಮ ಮನೆಗಳಿಗೆ ಇದು ಕಷ್ಟವೇನಲ್ಲ. ಒಂದು ಕಾರ್ಡು ಮನೆಯಲ್ಲಿ. ಒಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿ ಅಥವಾ ಗಣಕಯಂತ್ರದಲ್ಲಿ. ಇನ್ನೊಂದು ಕಾರ್ಡು ಬೆಂಗಳೂರಿನಲ್ಲೋ ಪುಣೆಯಲ್ಲೋ ಸೋಲಾಪುರದಲ್ಲೋ ಇರುವ ಮಗ ಮಗಳ ಮನೆಯಲ್ಲಿ. ಗೂಗಲ್ ಖಾತೆಯಲ್ಲಿ ಉಚಿತವಾಗಿ 15 ಜಿಬಿಯವರೆಗೆ ಇರಿಸಬಹುದು. ಜಾಲದ ಸಂಪರ್ಕ ಚೆನ್ನಾಗಿರುವಲ್ಲಿ ಅದನ್ನೂ ಉಪಯೋಗಿಸಲಿ. ವರ್ಷಕ್ಕೊಮ್ಮೆ, ಬಸವ ಜಯಂತಿಯೋ ಮನೆದೇವರ ಜಾತ್ರೆಯೋ ಬಂದಾಗ ಎಲ್ಲವನ್ನೂ ಹೊರತೆಗೆದು, ಪೂರ್ತಿಯಾಗಿ ನಡೆಸಿ ನೋಡಿ, ಅನುಮಾನ ಬಂದ ಕಾರ್ಡನ್ನು ಹೊಸದಕ್ಕೆ ಪ್ರತಿ ಮಾಡಬೇಕು. ಅನುಮಾನ ಬಾರದಿದ್ದರೂ ಐದಾರು ವರ್ಷಕ್ಕೊಮ್ಮೆ ಬದಲಾಯಿಸುವುದು ಉಚಿತ.

ಹಾಡು ತುಂಬಿಸಿಕೊಳ್ಳಲು ಮೊಬೈಲ್ ಅಂಗಡಿಗೆ ಒಯ್ಯುವ ಕಾರ್ಡು ಎಂದಿಗೂ ಈ ಸಂಗ್ರಹದ ಕಾರ್ಡು ಆಗಿರಕೂಡದು. ಹತ್ತೂರಿನ ಕಾರ್ಡುಗಳು ಹೊಕ್ಕು ಹೊರಡುವ ಗಣಕಯಂತ್ರದಲ್ಲಿ ವೈರಸ್ ಇರುವ ಸಂಭವ ಹೆಚ್ಚು. ಕಡತಗಳನ್ನೆಲ್ಲ ಮರೆಮಾಡಿ ಅವುಗಳ ಜಾಗದಲ್ಲಿ ಸುಳ್ಳು ಹೆಸರುಗಳನ್ನು ತೋರಿಸುವಂತಹವು ಎಷ್ಟೋ ಇವೆ. ಅನಿವಾರ್ಯವಾದರೆ ದೊಡ್ಡ ಎಸ್‌ಡಿ ಅಡಾಪ್ಟರಿನಲ್ಲಿ ಹಾಕಿ, ಅದರ ಪಕ್ಕದಲ್ಲಿರುವ ಪುಟ್ಟ ಅಗುಳಿಯನ್ನು ‘ಲಾಕ್’ ಕಡೆಗೆ ಸರಿಸಿ ಕೊಡಬೇಕು. ಆಗ ಓದಲು ಬರುತ್ತದೆ, ಸಾಮಾನ್ಯವಾಗಿ ಬರೆಯಲು ಬಾರದು.

ಕಡೆಯದಾಗಿ, ಕಾರ್ಡು ಓದದೆ ಹೋದಾಗ ಏನು ಮಾಡಬೇಕೆಂಬುದು. ಹಾಕಿದೊಡನೆ ‘ಫಾರ್ಮ್ಯಾಟ್ ಮಾಡಲೇ’ ಎಂದು ಯಂತ್ರವು ಕೇಳಿದರೆ ಒಪ್ಪಬೇಡಿರಿ. ಮೊದಲು ಹೊರತೆಗೆದು, ಒಣಗಿದ ಮೆತ್ತನೆಯ ಅರಿವೆಯಿಂದ ಹಲ್ಲುಗಳನ್ನು ಒರೆಸಿ, ಬೇರೆ ಯಂತ್ರದಲ್ಲಿ, ಬೇರೆ ಕಾರ್ಡ್ ರೀಡರಿನಲ್ಲಿ ಹಾಕಿ ನೋಡಿರಿ. ಎಷ್ಟೋ ಸಲ ದೋಷ ರೀಡರಿನದೇ ಆಗಿರುತ್ತದೆ. ಆಗಲೂ ಬಾರದಿದ್ದರೆ ಅದರಲ್ಲಿ ಹೊಸದಾಗಿ ಏನನ್ನೂ ಬರೆಯದೆ, ಚಿತ್ರವೊಂದನ್ನೂ ತೆಗೆಯದೆ ಎತ್ತಿಡಬೇಕು. ಅಳಿಸಿದ ಕಡತವೂ ಅದರ ಮೇಲೆ ಬೇರೊಂದು ಬರೆಯುವ ತನಕ ಬಹುಮಟ್ಟಿಗೆ ಒಳಗೆ ಇರುತ್ತದೆ. ‘ಫೋಟೊರೆಕ್’ ಎಂಬ ಉಚಿತ ಸಾಧನದಿಂದ ಬಲ್ಲ ಹುಡುಗರು ಅದನ್ನು ಮೇಲೆತ್ತಬಲ್ಲರು. ಕಾರ್ಡೇ ಮುರಿದಿದ್ದರೆ ದೊಡ್ಡ ನಗರಗಳಲ್ಲಿ ಈ ಕೆಲಸ ಮಾಡುವ ಸಂಸ್ಥೆಗಳಿವೆ, ಖರ್ಚು ಬಹಳ. ನಾವು ಮೇಲೆ ಹೇಳಿದ ಮನೆಯ ಹುಡುಗನೂ ಅಂತಹ ಒಂದು ಸಂಸ್ಥೆಯನ್ನು ವಿಚಾರಿಸಿದನು. ಅಳಿದುದನ್ನು ಹುಡುಕಿ ಕೊಡಬಹುದು, ಬರೆದೇ ಇಲ್ಲದ್ದನ್ನು ಎಲ್ಲಿಂದ ಕೊಡುವುದು ಎಂದು ಅವರು ಕಾರ್ಡನ್ನು ಮರಳಿಸಿದರು, ಹಣ ತೆಗೆದುಕೊಳ್ಳಲಿಲ್ಲ. ಅಜ್ಜನ ಜೊತೆ ದಮ್ಮಡಿ ಹಿಡಿಯುತ್ತಿದ್ದ ಇಬ್ಬರು ಹಿರಿಯರು ಆ ಊರಿನಲ್ಲಿ ಈಗಲೂ ಇದ್ದಾರೆ. ಅಜ್ಜ ಹಾಡುತ್ತಿದ್ದ ಪದಗಳಲ್ಲಿ ಅವರಿಗೆ ಬರುವಷ್ಟನ್ನು ಹುಡುಗನು ಸೋಮವಾರಕ್ಕೊಮ್ಮೆ ಕುಳಿತು ಮುದ್ರಿಸಿಕೊಳ್ಳುತ್ತಿದ್ದಾನೆ, ಎರಡು ಕಾರ್ಡುಗಳಲ್ಲಿ.